ಕಿತ್ತಳೆ ಕೂದಲಿಗೆ ನೀಲಿ: ಮೂರು ಸಲ ಟೋನರ್ ಮಾಡಿಸಿಕೊಂಡ ಮೇಲೆ

ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರ, ನನ್ನ 42ನೇ ವಯಸ್ಸಿನಲ್ಲಿ, ಧೈರ್ಯ ಮಾಡಿ ಕೂದಲಿಗೆ ಕ್ಯಾರಮೆಲ್ ಹೈಲೈಟ್ಸ್ ಹಾಕಿಸಿಕೊಂಡೆ, ಅಂದರೆ ಅಲ್ಲಲ್ಲಿ ಕೆಲವು ಎಳೆಗಳನ್ನು ಮಾತ್ರ ತಿಳಿ ಬಣ್ಣ ಮಾಡಿಸೋದು. ಮೊದಲನೇ ತಿಂಗಳು ಬ್ಯಾಂಕಿನಲ್ಲಿ ಎಲ್ಲರೂ ಎಲ್ಲಿ ಮಾಡಿಸಿದ್ರಿ ಅಂತ ಕೇಳಿದರು. ಎರಡನೇ ತಿಂಗಳು ಯಾರೂ ಕೇಳಲಿಲ್ಲ. ಮೂರನೇ ತಿಂಗಳು ಕ್ಯಾಶ್ ಕೌಂಟರಿನ ಹುಡುಗ "ಮೇಡಂ, ಮೆಹಂದಿ ಹಚ್ಚಿದ್ರಾ?" ಅಂದ. ಅಷ್ಟರಲ್ಲಿ ಕ್ಯಾರಮೆಲ್ ಹೋಗಿ ತೆಂಗಿನ ನಾರಿನ ಬಣ್ಣ ಬಂದಿತ್ತು.

ರೀಲ್ಸ್ ನೋಡಿ ಪರ್ಪಲ್ ಶಾಂಪೂ ತರಿಸಿದೆ, 600 ಚಿಲ್ಲರೆ. ಒಂದು ತಿಂಗಳು ಹಾಕಿದೆ. ಬಾತ್‌ರೂಮಿನ ಬಿಳಿ ಮಗ್ ನೇರಳೆ ಆಯಿತು, ಕೂದಲು ಹಾಗೇ ಇತ್ತು. ಆಮೇಲೆ ಮನೆ ಹತ್ತಿರದ ಪಾರ್ಲರಿನಲ್ಲಿ ಟೋನರ್ ಮಾಡಿಸಿದೆ, ಅಂದರೆ ಬ್ಲೀಚ್ ಆದ ಕೂದಲಿನ ಬೇಡದ ಛಾಯೆಯನ್ನು ತಗ್ಗಿಸೋ ತೆಳು ಬಣ್ಣ. ಆ ಹುಡುಗಿ ಇಡೀ ಉದ್ದಕ್ಕೂ ಒಂದೇ ಸಲ ಬಳಿದು, ಪಕ್ಕದವರ ಐಬ್ರೋ ಮಾಡೋಕೆ ಹೋದಳು. ವಾಪಸ್ ಬರೋ ಹೊತ್ತಿಗೆ ಬುಡದ ಕಡೆ ಸರಿಯಾಗಿತ್ತು, ತುದಿ ಮಾತ್ರ ಒಲೆ ಬೂದಿಯ ಬಣ್ಣ. ಬ್ಲೀಚ್ ಆಗಿ ಒಣಗಿದ ತುದಿ ಬಣ್ಣವನ್ನು ಬೇಗ ಹೀರುತ್ತೆ, ಅದಕ್ಕೆ ಕೊನೆಯಲ್ಲಿ ಹಚ್ಚಬೇಕು ಅಂತ ಆಗ ಅವಳಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ.

ಈಗ ಹೋಗುತ್ತಿರುವುದು ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ, ಮೊದಲನೇ ಮಹಡಿಯಲ್ಲಿರುವ ಮೂರು ಕುರ್ಚಿಯ ಸಣ್ಣ ಜಾಗಕ್ಕೆ. ಹೆಸರು ಬರೆಯಲ್ಲ, ಈಗಲೇ ಭಾನುವಾರ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ. ಅಲ್ಲಿನ ಹಾಸನದ ಹುಡುಗಿ ನನ್ನ ಕೂದಲನ್ನು ಕಿಟಕಿ ಬೆಳಕಿಗೆ ಹಿಡಿದು ಮೊದಲು ಹೇಳಿದ್ದು: "ಮೇಡಂ, ನಿಮ್ಮದು ಹಳದಿ ಅಲ್ಲ, ಕಿತ್ತಳೆ. ಪರ್ಪಲ್ ಹಳದಿಗೆ. ನಿಮಗೆ ಬೇಕಾಗಿರೋದು ನೀಲಿ." ನಮ್ಮ ಕಪ್ಪು ಕೂದಲನ್ನು ಬ್ಲೀಚ್ ಮಾಡಿ ತಿಳಿ ಮಾಡಿದರೆ ಒಳಗಿನ ಕೆಂಪು, ಕಿತ್ತಳೆ ಹೊರಗೆ ಬರುತ್ತದಂತೆ. ಹೈಲೈಟ್ಸ್ ಮಾಡಿದ ದಿನವೇ ಅದರ ಮೇಲೆ ಟೋನರ್ ಹಾಕಿ ಕಳಿಸಿರುತ್ತಾರೆ. ಅಂದರೆ ಎಲ್ಲರೂ ಹೊಗಳಿದ ಆ ಕ್ಯಾರಮೆಲ್ಲೇ ಟೋನರ್! ಇದನ್ನು ಆವತ್ತೇ ಹೇಳಿದ್ದರೆ ಬಣ್ಣ ಬಿಟ್ಟುಹೋಯಿತು ಅಂತ ನಾನು ಅಷ್ಟು ಒದ್ದಾಡುತ್ತಿರಲಿಲ್ಲ.

ಮೊದಲ ಭೇಟಿಯಲ್ಲಿ ಕಿವಿಯ ಹಿಂದೆ ಚೂರು ಟೋನರ್ ಹಚ್ಚಿ, "48 ಗಂಟೆ ನೋಡಿ, ತುರಿಕೆ ಬಂದರೆ ಫೋನ್ ಮಾಡಿ" ಅಂತ ವಾಪಸ್ ಕಳಿಸಿದಳು. ಸಿಟ್ಟು ಬಂತು, ಆಟೋಗೆ ದುಡ್ಡು ದಂಡ ಅಂತ. ಹಿಂದಿನ ಪಾರ್ಲರಿನಲ್ಲಿ ಇದನ್ನು ಯಾರೂ ಕೇಳೇ ಇರಲಿಲ್ಲ ಅಂತ ನೆನಪಾದ ಮೇಲೆ ಸಿಟ್ಟು ಇಳಿಯಿತು.

ಮಾಡಿಸಿಕೊಂಡ ದಿನ ತಲೆ ತೊಳೆದು, ಟವೆಲ್‌ನಲ್ಲಿ ಒತ್ತಿ, ಒದ್ದೆ ಕೂದಲಿಗೇ ಹಚ್ಚಿದಳು. ಜೊತೆಗೆ ಕಲಸಿದ್ದು ಬಣ್ಣ ಹಿಡಿಸೋ 10 ವಾಲ್ಯೂಮ್ ಡೆವಲಪರ್, ಅಂದರೆ 3% ಪೆರಾಕ್ಸೈಡ್. ಐದು ನಿಮಿಷಕ್ಕೆ ಕನ್ನಡಿ ನೋಡಿದೆ. ತಲೆ ತುಂಬಾ ನೇರಳೆಹಣ್ಣು ಜಜ್ಜಿದ ಹಾಗೆ! ಎದೆ ಧಸಕ್ಕೆಂದಿತು. ಅವಳು ಎರಡು ನಿಮಿಷಕ್ಕೊಮ್ಮೆ ಒಂದು ಎಳೆಯನ್ನು ಟಿಶ್ಯೂನಲ್ಲಿ ಒರೆಸಿ, ಒಳಗೆ ಎಷ್ಟು ಹಿಡಿದಿದೆ ಅಂತ ನೋಡುತ್ತಿದ್ದಳು, ಅಕ್ಕಿ ಬೆಂದಿದೆಯಾ ಅಂತ ಅಗುಳು ಹಿಚುಕಿ ನೋಡೋ ಹಾಗೆ. 14ನೇ ನಿಮಿಷಕ್ಕೆ "ಸಾಕು, ಬನ್ನಿ" ಅಂದು ಬೇಸಿನ್‌ಗೆ ಕರೆದಳು. ಬಿಲ್ 1,650 ರೂಪಾಯಿ. ಸಣ್ಣ ಮೊತ್ತವಲ್ಲ, ಆದರೆ ಮತ್ತೆ ಹೈಲೈಟ್ಸ್ ಮಾಡಿಸುವ ಖರ್ಚಿನ ಮುಂದೆ ಏನೂ ಅಲ್ಲ. ಬಿಳಿ ಕೂದಲು ಪೂರ್ತಿ ಮುಚ್ಚುತ್ತೆ ಅಂದುಕೊಂಡು ಮಾತ್ರ ಹೋಗಬೇಡಿ. ಕೂದಲನ್ನು ಇನ್ನಷ್ಟು ತಿಳಿ ಮಾಡೋದೂ ಟೋನರಿನ ಕೆಲಸವಲ್ಲ.

ಸಂಜೆ ಬಸವನಗುಡಿಯ ಅಮ್ಮನ ಮನೆಗೆ ಹೋಗಿ ಇದನ್ನೆಲ್ಲ ವಿವರಿಸಿದೆ. ಅಮ್ಮ ಅವರೆಕಾಳು ಬಿಡಿಸುತ್ತಲೇ, "ಬಿಳಿ ಪಂಚೆ ಹಳದಿಗೆ ತಿರುಗಿದರೆ ಉಜಾಲಾ ಹಾಕಲ್ವೇನೇ, ಅದೇ ತಾನೆ?" ಅಂದರು. ಅದೇ. ಬಟ್ಟೆಗೆ ಹಾಕಿದ ನೀಲಿ ಒಗೆದಂತೆ ಹೋಗುತ್ತದಲ್ಲ, ಇದೂ ಹಾಗೇ.

ಜಯನಗರದಲ್ಲಿ ಹಾಕಿಸಿದ ಟೋನರ್ ನನಗೆ ಮೊದಲ ಸಲ ನಾಲ್ಕೇ ವಾರ ಬಂತು. ಕಾರಣ ನೀರು. ಉತ್ತರಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್, ಅದು ಸಾಲದಾಗ ಟ್ಯಾಂಕರ್. ಎರಡೂ ಉಪ್ಪುನೀರೇ, ಗೀಸರಿನ ಕಾಯಿಲ್ ನೋಡಿದರೆ ಸುಣ್ಣ ಬಳಿದ ಹಾಗಿರುತ್ತೆ. ಅದೇ ಸುಣ್ಣ ಕೂದಲ ಮೇಲೂ ಕೂತು ಬಣ್ಣ ಮಂಕಾಗುತ್ತೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಕಾವೇರಿ ಕುಡಿಯುವ ನೀರು ತರೋ ಯೋಜನೆಯ ಐದನೇ ಹಂತ ಉದ್ಘಾಟನೆ ಆಯಿತು. ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಕನೆಕ್ಷನ್ ದುಡ್ಡಿನ ಜಗಳ ಇನ್ನೂ ಮುಗಿದಿಲ್ಲ. ಹಾಗಾಗಿ ಮೂರನೇ ಸಲ ಟೋನರಿಗೆ ಮುಂಚೆ ಆ ಹುಡುಗಿ ಕೀಲೇಟಿಂಗ್ ಶಾಂಪೂ ಹಾಕಿ ಕೂದಲಿಗೆ ಅಂಟಿದ್ದ ಖನಿಜವನ್ನೆಲ್ಲ ತೆಗೆದಳು. ಭಾನುವಾರದ ತಲೆಸ್ನಾನವನ್ನು ನಾನೂ ಅಮ್ಮನ ಮನೆಗೆ, ಕಾವೇರಿ ನೀರಿಗೆ, ಬದಲಾಯಿಸಿದೆ. ಈ ಸಲ ಆರು ವಾರ ಬಂತು. ಎಣ್ಣೆ ಹಚ್ಚೋದೂ ಕಡಿಮೆ ಮಾಡಿದ್ದೇನೆ. ಜಿಡ್ಡು ಹೋಗೋಕೆ ಎರಡು ಸಲ ಶಾಂಪೂ ಹಾಕಿದರೆ ಟೋನರ್ ಕೂಡ ಅದರ ಜೊತೆಗೇ ಹೊರಡುತ್ತೆ. ಅಮ್ಮನಿಗೆ ಇದೊಂದು ಮಾತ್ರ ಒಪ್ಪಿಗೆಯಿಲ್ಲ.

ಮಧ್ಯೆ ಹತ್ತು ದಿನಕ್ಕೊಮ್ಮೆ ನೀಲಿ ಶಾಂಪೂ, ಮೂರು ನಿಮಿಷ. ಆ ಬಾಟಲಿ ಬಸವನಗುಡಿಯ ಬಚ್ಚಲಲ್ಲೇ ಇರುತ್ತೆ. ಹೋದ ತಿಂಗಳು ಅಪ್ಪ ಕನ್ನಡಕ ಇಲ್ಲದೆ ಅದನ್ನೇ ತಮ್ಮ ಬೆಳ್ಳಗಿನ ತಲೆಗೆ ಧಾರಾಳವಾಗಿ ತಿಕ್ಕಿಕೊಂಡು, ವಿವಿಧಭಾರತಿ ಕೇಳುತ್ತಾ ಹಾಗೇ ನಿಂತಿದ್ದರಂತೆ. ಮರುದಿನ ಲಾಲ್‌ಬಾಗಿನ ವಾಕಿಂಗ್ ಗೆಳೆಯರು "ಏನ್ ರಾಯರೇ, ಆಕಾಶ ತಲೆ ಮೇಲೇ ಬಿದ್ದಿದೆ" ಅಂದರಂತೆ. ಎರಡು ಸ್ನಾನಕ್ಕೆ ಹೋಯಿತು. ಅಷ್ಟು ದಿನವೂ ಅವರು ಮಂಕಿಕ್ಯಾಪ್ ತೆಗೆಯಲಿಲ್ಲ.