ಮನಿ ಪ್ಲಾಂಟ್: ಬಾಟಲಿಗೋ, ಹ್ಯಾಂಗಿಂಗ್ ಪಾಟ್‌ಗೋ, ಕೋಲಿಗೋ?

ಮನಿ ಪ್ಲಾಂಟ್ ಕದ್ದು ತಂದರೇ ಚೆನ್ನಾಗಿ ಚಿಗುರೋದು ಅಂತಾರಲ್ಲ, ಅದಕ್ಕೇ ಅತ್ತಿಗೆ ಮನೆ ಬಾಲ್ಕನಿಯಿಂದ ಒಂದು ಬಳ್ಳಿ ಮುರಿದುಕೊಂಡು ಬಂದೆ. ಅತ್ತಿಗೆ ಕಿಟಕಿಯಿಂದ ನೋಡಿ ನಗ್ತಿದ್ದರು, ಹಾಗಾಗಿ ಪೂರ್ತಿ ಕಳ್ಳತನ ಅನ್ನೋಕೂ ಆಗಲ್ಲ. ಬಳ್ಳಿಯನ್ನು ಮೂರು ತುಂಡು ಮಾಡಿ ಒಂದನ್ನು ಹಾರ್ಲಿಕ್ಸ್ ಬಾಟಲಿಯ ನೀರಿಗೆ, ಒಂದನ್ನು ಹ್ಯಾಂಗಿಂಗ್ ಪಾಟ್‌ಗೆ, ಇನ್ನೊಂದನ್ನು ತೆಂಗಿನ ನಾರು ಸುತ್ತಿದ ಕೋಲು ನೆಟ್ಟ ಪಾಟ್‌ಗೆ ಹಾಕಿದೆ. ಈಗ ಒಂದೂವರೆ ವರ್ಷ.

ಮೊದಲು ಮುಂದೆ ಓಡಿದ್ದು ಬಾಟಲಿಯದು. ಎಲೆ ಹೊರಡುವ ಗೆಣ್ಣಿನ ಹತ್ತಿರ ಸಣ್ಣ ಕಂದು ಗಂಟು ಇರುತ್ತೆ, ಅದು ನೀರಲ್ಲಿ ಮುಳುಗಿದ್ದರೆ ಸಾಕು, ಎರಡು ವಾರದೊಳಗೆ ಬಿಳಿ ಬೇರು. ಗೆಣ್ಣೇ ಇಲ್ಲದ ಬರೀ ಎಲೆ ಇಟ್ಟರೆ ಬಳ್ಳಿ ಆಗಲ್ಲ. ಆದರೆ ಆರು ತಿಂಗಳಾದ ಮೇಲೆ ಬೆಳವಣಿಗೆ ನಿಂತೇಹೋಯ್ತು. ಬರೀ ನಲ್ಲಿ ನೀರು ಕುಡಿದು ಎಷ್ಟು ದಿನ ಇದ್ದೀತು ಪಾಪ! ವಾರಕ್ಕೊಮ್ಮೆ ನೀರು ಬದಲಿಸೋ ಕೆಲಸ ಬೇರೆ. ಒಮ್ಮೆ ಊರಿಗೆ ಹೋಗಿ ಹನ್ನೆರಡು ದಿನ ಬಿಟ್ಟು ಬಂದರೆ ಬಾಟಲಿಯೊಳಗೆ ಸೊಳ್ಳೆ ಮರಿಗಳು ಡೊಂಕಾಗಿ ಕುಣೀತಿದ್ದವು. ಡೆಂಗಿ ತರೋ ಈಡಿಸ್ ಸೊಳ್ಳೆಗೆ ಅಷ್ಟು ನೀರೇ ಧಾರಾಳ.

ಹ್ಯಾಂಗಿಂಗ್ ಪಾಟ್ ನೋಡೋಕೆ ಚೆಂದ. ಬಳ್ಳಿ ಬೇಗ ಉದ್ದವಾಯ್ತು, ಎಲೆ ಮಾತ್ರ ಸಣ್ಣಗಾಗ್ತಾ ಹೋಯ್ತು. ಮೂಲೆಯಲ್ಲಿ ನೇತುಹಾಕಿದ್ದಕ್ಕೆ ಹಳದಿ ಪಟ್ಟೆಗಳೂ ಮಾಯ. ಪಟ್ಟೆ ಇರೋ ಕಡೆ ಪತ್ರಹರಿತ್ತು ಕಡಿಮೆ, ಬೆಳಕು ಸಾಲದಾದಾಗ ಗಿಡಕ್ಕೆ ಆ ಶೋಕಿ ಕಟ್ಟಲ್ಲ. ಕಿಟಕಿ ಪಕ್ಕಕ್ಕೆ ತಂದ ಮೇಲೆ ಹೊಸ ಎಲೆಗಳಲ್ಲಿ ಪಟ್ಟೆ ಬಂತು, ಹಳೆಯವು ಹಸಿರಾಗೇ ಉಳಿದವು.

ಕೋಲಿನದು ನಾಲ್ಕು ತಿಂಗಳು ಸುಮ್ಮನೆ ಕೂತಿತ್ತು. ಕಿತ್ತೆಸೆಯಬೇಕು ಅಂದುಕೊಂಡಿದ್ದೆ. ಆಮೇಲೆ ಗೆಣ್ಣಿನ ಬೇರುಗಳು ಒದ್ದೆ ನಾರಿಗೆ ಕಚ್ಚಿಕೊಂಡವು ನೋಡಿ, ಒಂದಕ್ಕಿಂತ ಒಂದು ದೊಡ್ಡ ಎಲೆ! ಮೊನ್ನೆ ಬಿಚ್ಚಿದ್ದು ನನ್ನ ಅಂಗೈಯನ್ನು ಬೆರಳ ತುದಿವರೆಗೂ ಮುಚ್ಚುತ್ತೆ. ಇದರ ಮೂಲ ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ, ಸ್ವಭಾವದಲ್ಲೇ ಮರ ಹತ್ತೋ ಬಳ್ಳಿ. ತೆಂಗಿನ ಮರಕ್ಕೆ ಹಬ್ಬಿಕೊಂಡರೆ ಎಲೆಗಳು ಮೊರದಗಲ ಆಗಿ ಅಂಚು ಸೀಳಿಕೊಳ್ಳುತ್ತವೆ, ಆಗ ಇದು ಅದೇ ಗಿಡ ಅಂದರೆ ಯಾರೂ ನಂಬಲ್ಲ. ಬಳ್ಳಿ ಕೆಳಗಿಳಿದರೆ ದುಡ್ಡೂ ಇಳಿಯುತ್ತೆ ಅಂತ ನಮ್ಮತ್ತೆ ಹೇಳುವಾಗ ನಗ್ತಿದ್ದೆ. ದುಡ್ಡಿನ ಮಾತು ಬಿಡಿ, ಎಲೆ ವಿಷಯದಲ್ಲಿ ಅವರೇ ಸರಿ.

ಗೃಹಪ್ರವೇಶಕ್ಕೆ ಬಂದ ಲಕ್ಕಿ ಬ್ಯಾಂಬೂನೂ ಪಕ್ಕದಲ್ಲಿಟ್ಟಿದ್ದೆ. ಅದು ಬಿದಿರೇ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ. ನಮ್ಮ ನೀರಿಗೆ ಎಲೆ ತುದಿಯೆಲ್ಲ ಕಂದಿತು. ಅದಕ್ಕೆ ಫಿಲ್ಟರ್ ನೀರು ಕೊಟ್ಟು ಸಾಕೋ ತಾಳ್ಮೆ ನನಗಿಲ್ಲ.

ಬೆಕ್ಕಿರುವ ಮನೆಯಾದರೆ ಈ ಯಾವುದೂ ಕೈಗೆಟುಕೋ ಹಾಗಿರಬಾರದು, ಮನಿ ಪ್ಲಾಂಟ್ ಎಲೆ ಕಚ್ಚಿದರೆ ಬಾಯಿ ಉರಿಯುತ್ತೆ. ಬಾಟಲಿಯದನ್ನೂ ಹೋದ ವಾರ ಮಣ್ಣಿಗೆ ಹಾಕಿ ಕೋಲು ಕೊಟ್ಟೆ. ನೀರಲ್ಲಿ ಬೆಳೆದ ಬೇರು ಮಣ್ಣಿಗೆ ಒಗ್ಗೋದು ನಿಧಾನ, ಸದ್ಯಕ್ಕೆ ಎರಡು ಎಲೆ ಹಳದಿಯಾಗಿವೆ.