ಮಕ್ರಾನಾ ಕಲ್ಲು ಮತ್ತು ಕೃತಕ ಮಾರ್ಬಲ್: ನಮ್ಮ ಮನೆಯ ಎರಡು ಟೀಪಾಯಿಗಳು

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಈಗಿರುವುದು ರಾಜಸ್ಥಾನದ ಮಕ್ರಾನಾ ಅಮೃತಶಿಲೆಯ ಟೀಪಾಯಿ. ಅಂಚಿನ ಬಳ್ಳಿಯನ್ನು ಉಳಿ ಹಿಡಿದು ಕೈಯಲ್ಲೇ ಕೆತ್ತಿದ್ದಾರೆ. ಮೊದಲು ಅದೇ ಜಾಗದಲ್ಲಿ ಮುಂಬೈನ ಪೀಠೋಪಕರಣ ಪೇಟೆ ಓಶಿವಾರಾದಿಂದ ತಂದ ಕೃತಕ ಮಾರ್ಬಲ್‌ನ ಟೀಪಾಯಿ ಇತ್ತು. ಎರಡನ್ನೂ ಬಳಸಿದ ಮೇಲೆ ಹೇಳುತ್ತಿದ್ದೇನೆ, ನನ್ನ ಮನಸ್ಸು ಪೂರ್ತಿ ನಿಜವಾದ ಕಲ್ಲಿನ ಕಡೆಗಿದೆ.

ಕೃತಕದ್ದಕ್ಕೆ ಕಲೆಯೇ ಹಿಡಿಯುವುದಿಲ್ಲ ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರು. ಪುನರ್ಪುಳಿ ಶರಬತ್ತಿನ ಲೋಟ ಇಟ್ಟಲ್ಲಿ ಮಂಕು ಉಂಗುರ ಮೂಡಿತು. ಸೋಪಿನಲ್ಲಿ ಎಷ್ಟು ಉಜ್ಜಿದರೂ ಹೋಗಲಿಲ್ಲ. ಹೋಗುವುದೂ ಇಲ್ಲ, ಏಕೆಂದರೆ ಅದು ಕಲೆಯಲ್ಲ, ಸವೆತ. ಅಮೃತಶಿಲೆಯೆಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಗುಲಿದ ಕೂಡಲೇ ಮೇಲ್ಪದರ ಕರಗುತ್ತದೆ. ನಾನು ತಂದಿದ್ದ ಕೃತಕ ಹಲಗೆಯೂ ಅಮೃತಶಿಲೆಯ ಚೂರುಗಳನ್ನೇ ರಾಳದಲ್ಲಿ ಕಲಸಿ ಒತ್ತಿದ್ದು. ಕಲ್ಲಿನ ಸಣ್ಣ ರಂಧ್ರ ಮುಚ್ಚುವ ಸೀಲರ್ ಬಳಿದರೂ ಉಪಯೋಗವಿಲ್ಲ: ಅದು ಚಹಾ, ಅರಿಸಿನ ಒಳಗಿಳಿಯುವುದನ್ನು ತಡೆಯುತ್ತದೆ, ಹುಳಿಯನ್ನಲ್ಲ.

ಹಾಗಾದರೆ ಮಕ್ರಾನಾ ಕಲ್ಲಿಗೂ ಇದೇ ಗತಿಯೇ? ಹೌದು, ಇದೇ ಗತಿ. ನಿಂಬೆಹಣ್ಣು, ಹುಣಸೆರಸ, ವಿನೆಗರ್ ಯಾವುದೂ ಅದಕ್ಕೆ ಆಗಿಬರುವುದಿಲ್ಲ. ಆದರೆ ಅದನ್ನು ಮೇಸ್ತ್ರಿ ಮನೆಗೇ ಬಂದು ಉಜ್ಜಿ, ಮೊದಲಿನಂತೆ ಮಾಡಿಕೊಟ್ಟರು. ಕೃತಕದ್ದನ್ನು ಉಜ್ಜಿಸಿದಾಗ ಚೂರು ಒಂದು ಬಗೆ, ರಾಳ ಇನ್ನೊಂದು ಬಗೆ ಸವೆದು ಮೇಲ್ಮೈ ಮಚ್ಚೆಮಚ್ಚೆಯಾಯಿತು. ಬಿಸಿ ಸಾರಿನ ಪಾತ್ರೆಯ ಗುರುತಂತೂ ಕೊನೆಯವರೆಗೂ ಉಳಿಯಿತು. ಮಕ್ರಾನಾಕ್ಕೆ ಈಗ ಕನ್ನಡಿಯ ಹೊಳಪು ಬೇಡವೆಂದು ಮ್ಯಾಟ್ ಮಾಡಿಸಿದ್ದೇನೆ. ಹುಳಿಯ ಗುರುತು ಎದ್ದು ಕಾಣುವುದಿಲ್ಲ. ಮುಟ್ಟಿದರೆ ತಣ್ಣನೆಯ ರೇಷ್ಮೆ.

ಇಳಿದ ಚಹಾ ಕಲೆಗೆ ಮುಲ್ತಾನಿ ಮಿಟ್ಟಿ ಕಲಸಿ ಹಚ್ಚಿ ಒಣಗಲು ಬಿಡುತ್ತೇನೆ. ಇದೇ ಮಕ್ರಾನಾ ಕಲ್ಲಿನ ತಾಜ್‌ಮಹಲನ್ನು ಪುರಾತತ್ವ ಇಲಾಖೆ ಶುಚಿಗೊಳಿಸುವುದೂ ಈ ಮಣ್ಣಿನಿಂದಲೇ.

ಕೊಳ್ಳುವಾಗ ಅಂಚನ್ನು ನೋಡಿ. ನಿಜವಾದ ಕಲ್ಲಿನಲ್ಲಿ ಮೇಲಿನ ಗೆರೆ ಪಕ್ಕಕ್ಕೂ ಇಳಿದಿರುತ್ತದೆ. ನಾನು ತಂದಿದ್ದ ಬಗೆಯ ಕೃತಕದ್ದರಲ್ಲಿ ಕಾಣುವುದು ಒಂದೇ ಸಮನೆ ಹರಡಿದ ಚೂರು.

ತೂಕ: 18 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಹಲಗೆ ಹತ್ತಿರ ಹತ್ತಿರ 49 ಕೆ.ಜಿ. ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವವರಿಗೆ ಇದು ಕಷ್ಟ.

ಗ್ರಾನೈಟ್ ಹುಳಿಗೆ ಜಗ್ಗುವುದಿಲ್ಲ. ಅಡುಗೆಕಟ್ಟೆಗೆ ಅದೇ ಸರಿ, ನಮ್ಮದೂ ಅದೇ.

ಕೃತಕದ್ದಕ್ಕೆ 7,000 ರೂಪಾಯಿ ಕೊಟ್ಟಿದ್ದೆ, ಮಕ್ರಾನಾಕ್ಕೆ 19,000. ನಮ್ಮಲ್ಲಿ ಊಟ ಟೀಪಾಯಿಯ ಮೇಲಲ್ಲ. ಅಲ್ಲಿಗೆ ಬರುವುದು ಕಾಫಿ, ದಿನಪತ್ರಿಕೆ, ಸಂಜೆಯ ಶರಬತ್ತು. ಲೋಟದಡಿ ಒಂದು ತಟ್ಟೆ ಇಡುವ ಅಭ್ಯಾಸ ಮನೆಯವರಿಗೆಲ್ಲ ಆಗಿದೆ. ಇಂಥ ಮನೆಗೆ ಮಕ್ರಾನಾ ತೆಗೆದುಕೊಳ್ಳಿ. ಹಣ ಸಾಲದಿದ್ದರೆ ಕೃತಕದ್ದಕ್ಕೆ ಹೋಗದೆ, ಅಷ್ಟೇ ದುಡ್ಡಿಗೆ ಕೆತ್ತನೆಯಿಲ್ಲದ ಸಣ್ಣ ಅಮೃತಶಿಲೆಯ ಹಲಗೆ ಕೊಂಡು ಬಡಗಿಯಿಂದ ಕಾಲು ಮಾಡಿಸಿಕೊಳ್ಳಿ.