11 ತಿಂಗಳ ಮಗಳಿಗೆ ತರಿಸಿದ ಸೆನ್ಸರಿ ಪ್ಲೇ ಕಿಟ್: ತಟ್ಟೆ ಚೆನ್ನಾಗಿದೆ, ಆ ಮಣಿಗಳನ್ನು ಮಾತ್ರ ಕೊಡಲೇಬೇಡಿ

ಮಗಳಿಗೆ ಈಗ 11 ತಿಂಗಳು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ ಹೋಗುತ್ತದೆ. ಬಾಚಣಿಗೆ, ಚಪ್ಪಲಿ, ಅವರಪ್ಪನ ವಾಚಿನ ಬೆಲ್ಟು, ಯಾವುದನ್ನೂ ಬಿಟ್ಟಿಲ್ಲ. ಈ ವಯಸ್ಸಲ್ಲಿ ಮಕ್ಕಳು ಒಂದು ವಸ್ತುವನ್ನು ತಿಳಿದುಕೊಳ್ಳುವುದೇ ಹಾಗೆ ಅಲ್ವಾ, ಮುಟ್ಟಿ, ನೆಲಕ್ಕೆ ಬಡಿದು, ಚೀಪಿ. ಅದಕ್ಕೇ ಆನ್‌ಲೈನ್‌ನಲ್ಲಿ ಒಂದು ಸೆನ್ಸರಿ ಪ್ಲೇ ಕಿಟ್, ಅಂದರೆ ಮುಟ್ಟಿ ನೋಡಿ ಆಡುವ ಸಾಮಾನಿನ ಡಬ್ಬಿ, ಕಂಡಾಗ 1,299 ರೂಪಾಯಿ ಕೊಟ್ಟು ತರಿಸಿದೆ. ಮಾರುವವರ ಪುಟದಲ್ಲಿ '6 ತಿಂಗಳಿಂದ' ಅಂತ ದೊಡ್ಡದಾಗಿ ಬರೆದಿತ್ತು, ಕೂತು ಆಡುವ ಪುಟ್ಟ ಮಗುವಿನ ಫೋಟೋನೂ ಇತ್ತು.

ಡಬ್ಬಿ ಬಂದ ಮೇಲೆ ತಿರುಗಿಸಿ ನೋಡಿದರೆ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ '3 ವರ್ಷದ ಮೇಲಿನವರಿಗೆ' ಅಂತಿದೆ! ಐಎಸ್ಐ ಗುರುತು ಎಲ್ಲೂ ಇಲ್ಲ. ನಮ್ಮ ದೇಶದಲ್ಲಿ 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಆ ಗುರುತು ಕಡ್ಡಾಯ. ಗಂಟಲಿಗೆ ಸಿಕ್ಕಿಕೊಳ್ಳದಿರಲಿ ಅಂತ, ಮೂರು ವರ್ಷದೊಳಗಿನವರ ಆಟಿಕೆಯ ಯಾವ ಬಿಡಿ ಭಾಗವೂ 31.7 ಮಿಲಿಮೀಟರ್ ಅಗಲದ ಪರೀಕ್ಷೆ ಕೊಳವೆಯೊಳಗೆ ಪೂರ್ತಿ ಕೂರುವಷ್ಟು ಚಿಕ್ಕದಿರಬಾರದು. ಈ ಡಬ್ಬಿಯಲ್ಲಿದ್ದ ಅರ್ಧಕ್ಕರ್ಧ ಸಾಮಾನು ಅದರೊಳಗೆ ಸಲೀಸಾಗಿ ಕೂರುತ್ತದೆ.

ಮೊದಲು ಚೆನ್ನಾಗಿರೋದನ್ನು ಹೇಳಿಬಿಡುತ್ತೇನೆ. ತಟ್ಟೆ ಅಗಲವಾಗಿದೆ, ಅಂಚು ಎತ್ತರ ಇದೆ, ಚೆಲ್ಲಿದ್ದು ಆಚೆ ಹೋಗಲ್ಲ. ಆರು ಬಟ್ಟೆ ತುಂಡುಗಳಿವೆ, ರೇಷ್ಮೆ, ವೆಲ್ವೆಟ್, ಗೋಣಿ ಹೀಗೆ. ಅಂಚು ಹೊಲಿದಿದ್ದಾರೆ, ನೂಲು ಬಿಡಲ್ಲ. ಗೋಣಿ ಮುಟ್ಟಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡಳು, ನನ್ನ ಮುಖ ನೋಡಿದಳು, ಆಮೇಲೆ ಒಂದೇ ಬೆರಳಲ್ಲಿ ಮೆಲ್ಲಗೆ ಕೆರೆದು ನೋಡಿದಳು. ನಾನು ದುಡ್ಡು ಕೊಟ್ಟಿದ್ದೇ ಆ ಒಂದು ಕ್ಷಣಕ್ಕೆ ಅನ್ನಿಸಿತು. ಮರದ ಚಮಚವೂ ಪರವಾಗಿಲ್ಲ. ಬಣ್ಣದ ಅಕ್ಕಿ ಮತ್ತು ಉಲ್ಲನ್ ಉಂಡೆಗಳನ್ನು ಎತ್ತಿಟ್ಟಿದ್ದೇನೆ, ದೊಡ್ಡವಳಾದ ಮೇಲೆ ನೋಡೋಣ.

ಈಗ ಆ ಮಣಿಗಳ ವಿಷಯ. ವಾಟರ್ ಬೀಡ್ಸ್ ಅಂತಾರೆ. ಪ್ಯಾಕೆಟ್‌ನಲ್ಲಿ ಸಾಸಿವೆ ಕಾಳಿನಷ್ಟು ಇರುತ್ತವೆ, ನೀರಿಗೆ ಹಾಕಿದರೆ ಕೆಲವು ಗಂಟೆಗಳಲ್ಲಿ ಊದಿ ದ್ರಾಕ್ಷಿಯಷ್ಟಾಗುತ್ತವೆ. ಬಣ್ಣ ಬಣ್ಣ, ಜಾರುತ್ತವೆ, ಮಿಠಾಯಿ ಥರ ಕಾಣುತ್ತವೆ. ಒಣಗಿದ ಒಂದು ಕಾಳು ಮಗುವಿನ ಹೊಟ್ಟೆಗೆ ಹೋದರೆ ಅಲ್ಲೂ ನೀರು ಹೀರಿ ಊದುತ್ತದೆ, ಕರುಳಿಗೆ ಅಡ್ಡ ಕೂರುತ್ತದೆ. ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣಿಸುವುದೂ ಇಲ್ಲ, ಹಾಗಾಗಿ ಡಾಕ್ಟರಿಗೂ ಬೇಗ ಗೊತ್ತಾಗಲ್ಲ. ಕಿವಿ, ಮೂಗಿಗೆ ಹೋದರೂ ಇದೇ ಪಾಡು. ಅಮೆರಿಕದಲ್ಲಿ ಇದರಿಂದ ಮಗು ತೀರಿಕೊಂಡಿದ್ದೂ ಇದೆ. 2023ರ ಕೊನೆಯಲ್ಲಿ ಅಮೆಜಾನ್, ವಾಲ್‌ಮಾರ್ಟ್, ಟಾರ್ಗೆಟ್, ಈ ಮೂರು ದೊಡ್ಡ ಮಾರಾಟ ಕಂಪನಿಗಳೂ ಅಲ್ಲಿ ಮಕ್ಕಳ ಆಟಕ್ಕೆಂದು ಇವನ್ನು ಮಾರುವುದನ್ನು ನಿಲ್ಲಿಸಿದವು. ಅಂಥದ್ದನ್ನು 6 ತಿಂಗಳ ಮಗುವಿಗೆ ಅಂತ ಕಳಿಸಿದ್ದಾರಲ್ಲ, ನನಗೆ ಕೈ ನಡುಗಿಬಿಟ್ಟಿತು. ವಾಪಸ್ ತಗೊಳ್ಳಿ ಅಂತ ಫೋನ್ ಮಾಡಿದರೆ, ಡಬ್ಬಿ ಒಡೆದಿದೆ ಮೇಡಂ, ಆಗಲ್ಲ ಅಂದರು.

ಆ ತಟ್ಟೆಗೆ ಈಗ ಅಡುಗೆಮನೆಯಿಂದಲೇ ಸಾಮಾನು ಹೋಗುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಆಗಿದ್ದು ರಾಗಿ ಮುದ್ದೆ. ಉಪ್ಪು ಹಾಕದೆ, ಸ್ವಲ್ಪ ಮೆತ್ತಗೆ ಮಾಡಿ, ಉಗುರು ಬೆಚ್ಚಗಾದ ಮೇಲೆ ಒಂದು ತುಂಡು ಇಟ್ಟರೆ ಸಾಕು. ಬೆರಳು ತೂರಿಸುತ್ತಾಳೆ, ಅಂಟುತ್ತದೆ, ಕೈ ಒದರುತ್ತಾಳೆ, ಬಿಡಲ್ಲ, ಮತ್ತೆ ಒತ್ತುತ್ತಾಳೆ, ಅಷ್ಟರಲ್ಲಿ ಅರ್ಧ ಬಾಯಿಗೆ ಹೋಗಿರುತ್ತದೆ, ಹೋಗಲಿ ಬಿಡಿ, ಅದು ಅವಳ ಊಟವೇ. ಅಂಗಡಿಯಲ್ಲಿ ಸಿಗುವ ಆಟದ ಹಿಟ್ಟಿನಲ್ಲಿ (ಪ್ಲೇ ಡೋ) ಉಪ್ಪು ಜಾಸ್ತಿ ಇರುತ್ತದೆ, ಈ ವಯಸ್ಸಿಗೆ ಅದು ಬೇಡ. ಅತ್ತೆಗೆ ಮಾತ್ರ ಮೊದಲು ಸರಿ ಬರಲಿಲ್ಲ. "ಅನ್ನ ದೇವರು ಕಣಮ್ಮ, ಆಟಕ್ಕೆ ಕೊಡ್ತಾರಾ?" ಅಂದರು. ಅವರು ಹೇಳಿದ್ದೂ ಸರಿಯೇ. ಅದಕ್ಕೆ ತಿನ್ನುವಷ್ಟೇ ಇಡುತ್ತೇನೆ, ಚೆಲ್ಲಲು ಅಂತ ಮಾಡಲ್ಲ. ಈಗ ಅವರೇ ಸಬ್ಬಕ್ಕಿಯನ್ನು ಮೆತ್ತಗೆ ಬೇಯಿಸಿ ಬೀಟ್‌ರೂಟ್ ರಸ ಬೆರೆಸಿ ಕೊಡುತ್ತಾರೆ. ಹಸಿ ರಾಗಿ, ಕಡಲೆ, ಮಂಡಕ್ಕಿ ಮಾತ್ರ ಬೇಡ, ಮೂಗಿಗೋ ಗಂಟಲಿಗೋ ಹೋಗುತ್ತದೆ. ನೀರಾಟ ಆಡಿಸುವಾಗ ಎರಡೇ ಇಂಚು ನೀರಿದ್ದರೂ ಪಕ್ಕದಿಂದ ಏಳಬೇಡಿ.

ಸದ್ದಿಗೆ ಚನ್ನಪಟ್ಟಣದ ಗಿಲಕಿ ತಂದೆವು, 180 ರೂಪಾಯಿ. ಆಲೆ ಮರದ್ದು, ಹಗುರ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಆ ಉಜ್ಜುವ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಡುತ್ತಾರೆ. ಇದಕ್ಕೆ ಜಿಐ (ಒಂದು ಊರಿನ ವಿಶೇಷ ವಸ್ತು ಎಂಬ) ಮಾನ್ಯತೆ ಇರುವುದರಿಂದ, ಅದರಡಿ ನೋಂದಾಯಿಸಿಕೊಂಡವರು ಮಾಡಿ ಮಾರುವುದಕ್ಕೆ ಐಎಸ್ಐ ನಿಯಮದಿಂದ ವಿನಾಯಿತಿ ಇದೆ. ಆದರೆ ಹೆದ್ದಾರಿ ಬದಿಯಲ್ಲಿ ಸಿಗೋದೆಲ್ಲ ಅರಗಿನದ್ದಲ್ಲ, ಪೇಂಟ್ ಬಳಿದದ್ದೂ ಇರುತ್ತದೆ, ಕೇಳಿ ತಗೊಳ್ಳಿ. ಪ್ಲಾಸ್ಟಿಕ್ ಗಿಲಕಿಯ ಕಿರುಚಲು ಸದ್ದಿಲ್ಲ ಇದರಲ್ಲಿ. ಇದನ್ನು ಅಲ್ಲಾಡಿಸಿ, ಕಿವಿ ಹತ್ತಿರ ಹಿಡಿದು, ಕೂತಲ್ಲೇ ಕೇಳುತ್ತಾಳೆ.

ಕಿಟ್‌ಗೆ ಐದಕ್ಕೆ ಎರಡು ಸ್ಟಾರ್, ತಟ್ಟೆಗೆ ಒಂದು, ಬಟ್ಟೆಗೆ ಒಂದು. ಮಾರುವವರಿಗೆ ವಯಸ್ಸು ತಿದ್ದಿ ಅಂತ ಬರೆದಿದ್ದೇನೆ, ಇನ್ನೂ ತಿದ್ದಿಲ್ಲ. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಮಣಿಗಳ ಪ್ಯಾಕೆಟ್ಟನ್ನು ಈಗಲೇ ತೆಗೆಯಿರಿ. ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲೂ ಊದುತ್ತವೆ. ಕವರಿಗೆ ಹಾಕಿ ಗಂಟು ಕಟ್ಟಿ ಕಸಕ್ಕೆ ಕೊಡಿ, ಆಮೇಲೆ ಸೋಫಾ ಕೆಳಗೆ ಒಂದು ಸಲ ಟಾರ್ಚ್ ಬಿಟ್ಟು ನೋಡಿ. ನನಗೆ ಅಲ್ಲಿ ಮೂರು ಸಿಕ್ಕವು.